ಮೊಳೆಗೆ ತೂಗಿದ ಮಾಸ್ಕ್: ದಾಲ್ ಮಿಲ್ಲಿನ ಧೂಳಿನೊಡನೆ ನನ್ನ ಅನುಭವ

ಕಲಬುರಗಿಯ ದಾಲ್ ಮಿಲ್ಲೊಂದಕ್ಕೆ ಮೇಲ್ವಿಚಾರಕನಾಗಿ ಸೇರಿದ ಹೊಸತರಲ್ಲಿ, ಕಾರ್ಮಿಕರಿಗೆ ಧೂಳಿನ ಅಪಾಯ ತಿಳಿದಿಲ್ಲವೆಂದೇ ಭಾವಿಸಿ ಎಲ್ಲರಿಗೂ ಎನ್-95 ಮಾಸ್ಕ್ ಹಂಚಿ, ಅರ್ಧ ಗಂಟೆ ಉಪದೇಶವನ್ನೂ ಮಾಡಿದ್ದೆ. ವಾರ ಕಳೆಯುವಷ್ಟರಲ್ಲಿ ಒಂದು ಮಾಸ್ಕ್ ಗೋಡೆಯ ಮೊಳೆಗೆ ತೂಗುತ್ತಿತ್ತು; ಅದರೊಳಗೆ ತಂಬಾಕಿನ ಚೀಟಿಯೂ ಸುಣ್ಣದ ಡಬ್ಬಿಯೂ ಇದ್ದವು. "ಧೂಳು ಕೆಟ್ಟದ್ದಂತ ನಮಗೂ ಗೊತ್ತದ್ರಿ ಸಾಹೇಬ್ರ, ಆದ್ರ ಇದನ್ನ ಕಟ್ಕೊಂಡು ಚೀಲ ಹೊತ್ರ ಉಸುರು ಹೆಂಗ್ ತಗೋಬೇಕ್ರಿ?" ಎಂದು ಹಿರಿಯ ಹಮಾಲರೊಬ್ಬರು ಕೇಳಿದ ಮೇಲೆ ನಾನು ಮಾತು ನಿಲ್ಲಿಸಿ, ಧೂಳು ಏಳುವ ಜಾಗಗಳನ್ನು ನೋಡುತ್ತ ತಿರುಗಿದೆ.

ತೊಗರಿಯನ್ನು ಗುಂಡಿಗೆ ಸುರಿಯುವಲ್ಲಿ, ಕಾಳಿನ ಸಿಪ್ಪೆಯನ್ನು ಉಜ್ಜಿ ತೆಗೆಯುವ ಎಮೆರಿ ರೋಲರಿನ ಬಳಿ ಮತ್ತು ಹೊಟ್ಟು ತುಂಬುವ ಕೋಣೆಯಲ್ಲಿ ಧೂಳು ದಟ್ಟವಾಗಿತ್ತು. ಆದ್ದರಿಂದ ಈ ಮೂರು ಕಡೆ ಮಾತ್ರ ಮಾಸ್ಕ್ ಕಡ್ಡಾಯಗೊಳಿಸಿ, ಒಬ್ಬರೇ ಇಡೀ ಪಾಳಿ ಅಲ್ಲಿ ನಿಲ್ಲದಂತೆ ಸರದಿ ಹಾಕಿದೆ. ಬಯಲಿನಲ್ಲಿ ಚೀಲ ಹೊರುವವರನ್ನು ಅದರಿಂದ ಬಿಟ್ಟೆ. ಮುಖಕ್ಕೆ ಸುತ್ತುವ ಟವೆಲ್ಲೇ ಸಾಕೆಂಬ ನಂಬಿಕೆ ಮಾತ್ರ ಅಲುಗಲಿಲ್ಲ. ಒಂದು ದಿನ ವ್ಯಾಕ್ಯೂಮ್ ಪೈಪಿನ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಅದರ ಮೇಲೆ ಅವರದೇ ಟವೆಲ್ ಬಿಗಿದು, ಹೊಟ್ಟಿನ ಕೋಣೆಯಲ್ಲಿ ಅರ್ಧ ಗಂಟೆ ಓಡಿಸಿದೆವು. ಟವೆಲ್ ಬಿಚ್ಚಿದಾಗ ಒಳಗಿನ ಬಿಳಿ ಬಟ್ಟೆಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಹಳದಿ ಕಲೆ ಮೂಡಿತ್ತು. ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ನನ್ನ ಉಪದೇಶಕ್ಕಿಂತ ಆ ಕಲೆಯೇ ಹೆಚ್ಚು ಕೆಲಸ ಮಾಡಿತು.

ಸಂಜೆ ಕಂಪ್ರೆಸರ್ ಗಾಳಿಯಿಂದ ಬಟ್ಟೆಯ ಧೂಳು ಹಾರಿಸಿಕೊಳ್ಳುವ ರೂಢಿ ನನಗೂ ಇತ್ತು. ಹಾರಿದ ಧೂಳು ಮತ್ತೆ ಮೂಗಿಗೇ ಸೇರುತ್ತದೆ, ಕಣ್ಣು ಕಿವಿಗಳಿಗೂ ಅಪಾಯ. ಆ ಪೈಪನ್ನು ಬೀಗದೊಳಗಿಟ್ಟು, ಕೈಕಾಲು ತೊಳೆಯುವ ನಲ್ಲಿಗಳನ್ನು ಹೆಚ್ಚಿಸಿದೆವು.

ಆದರೂ ಮಾಸ್ಕ್ ಕೊನೆಯ ರಕ್ಷಣೆಯೇ ಹೊರತು ಮೊದಲನೆಯದಲ್ಲ. ಧೂಳು ಎಳೆಯುವ ಸಾಧನ ಬೇಕಾದಲ್ಲಿ ಅದನ್ನು ಧೂಳು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರವೇ ಇಡಬೇಕೆಂದು, 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 14ನೆಯ ಕಲಮು ಹೇಳುತ್ತಿತ್ತು. ಇದನ್ನು ತೋರಿಸಿದಾಗ ಕದಲದ ಮಾಲೀಕರು, ಧೂಳು ಹಿಡಿಯುವ ಚೀಲದ ತೂತಿನಿಂದ ದನಗಳ ಮೇವಿಗೆ ಮಾರಬಹುದಾದ ಚುನ್ನಿ (ಬೇಳೆಯ ನುಚ್ಚು, ಹೊಟ್ಟಿನ ಪುಡಿ) ಪೋಲಾಗುತ್ತಿದೆ ಎಂದ ಕೂಡಲೇ ಹೊಸ ಚೀಲ ತರಿಸಿದರು. ಗುಂಡಿಯ ಮೇಲೆ ಧೂಳು ಎಳೆಯುವ ತಗಡಿನ ಹುಡ್ ಕೂಡ ಬಂತು.

ಸದ್ದಿನ ವಿಷಯದಲ್ಲಿ ಮಾತ್ರ ನಾನು ಗೆದ್ದಿಲ್ಲ. ಬೇರಿಂಗ್ ಕೆಡುವುದನ್ನು ರೋಲರಿನವರು ಸದ್ದಿನಿಂದಲೇ ಗುರುತಿಸುತ್ತಾರೆ. ಹೀಗಾಗಿ ಕೊಟ್ಟ ಇಯರ್‌ಪ್ಲಗ್‌ಗಳು ಇನ್ನೂ ಅವರ ಜೇಬಿನಲ್ಲಿಯೇ ಇವೆ.