ಹಿಂಬಾಲಿಸುವ ಕೆಲಸ: ನಾನು ಮಾಡುವ ರೀತಿ

ಖಾಸಗಿ ಪತ್ತೇದಾರಿ ಅಂದ ಕೂಡಲೇ ಜನ ಬೆನ್ನಟ್ಟುವುದನ್ನೇ ನೆನೆಸಿಕೊಳ್ಳುತ್ತಾರೆ. ನನ್ನ ಹೊತ್ತು ಜಾಸ್ತಿ ಹೋಗುವುದು ನಿಂತ ಕಾರಿನಲ್ಲಿ.

ಯಾರನ್ನು ಹಿಂಬಾಲಿಸಬೇಕೋ ಅವರ ಮನೆಯ ಜಾಗವನ್ನು ಮೊದಲೇ ಒಮ್ಮೆ ಹೋಗಿ ನೋಡಿಕೊಂಡು ಬರುತ್ತೇನೆ. ಹಿಂಬಾಗಿಲು ಇದೆಯಾ, ಪಕ್ಕದ ಓಣಿ ಎಲ್ಲಿಗೆ ಸೇರುತ್ತದೆ, ಇಷ್ಟು ಗೊತ್ತಿರಬೇಕು. ಗಾಡಿಯನ್ನು ಮನೆ ಎದುರು ನಿಲ್ಲಿಸುವುದಿಲ್ಲ. ಅವರು ಹಾದುಹೋಗಲೇಬೇಕಾದ ತಿರುವು ಕಂಡರೆ ಸಾಕು. ಕೂರುವುದು ಡ್ರೈವರ್ ಪಕ್ಕದ ಸೀಟಿನಲ್ಲಿ. ನೋಡಿದವರು, ಡ್ರೈವರ್ ಎಲ್ಲೋ ಹೋಗಿದ್ದಾನೆ, ಇವರು ಕಾಯ್ತಿದ್ದಾರೆ ಅಂದುಕೊಳ್ಳುತ್ತಾರೆ. ಎಂಜಿನ್ ಆಫ್. ಚಳಿಯಲ್ಲಿ ಗಾಜಿಗೆ ಆವಿ ಕಟ್ಟಿದರೆ ಒಳಗೆ ಯಾರೋ ಇದ್ದಾರೆ ಅಂತ ಡಂಗುರ ಸಾರಿದ ಹಾಗೆ. ಅದಕ್ಕೇ ಕಿಟಕಿ ಒಂದು ಬೆರಳಷ್ಟು ಇಳಿಸಿರುತ್ತೇನೆ.

ನಡೆದು ಹಿಂಬಾಲಿಸುವಾಗ ಮುಖ ನೋಡುವುದಿಲ್ಲ, ಚಪ್ಪಲಿ ಅಥವಾ ಶೂ ನೋಡುತ್ತೇನೆ. ದಾರಿಯಲ್ಲಿ ಜಾಕೆಟ್ ತೆಗೆಯಬಹುದು, ಟೋಪಿ ಹಾಕಬಹುದು. ಶೂ ಬದಲಾಯಿಸುವವರು ಅಪರೂಪ, ಅಲ್ವಾ? ನಾವು ಮೂವರಿದ್ದರೆ ಇಬ್ಬರು ಹಿಂದೆ, ಒಬ್ಬರು ರಸ್ತೆಯ ಆ ಬದಿ. ಮುಂದಿರುವವರು ಮೂಲೆ ತಿರುಗಿದರೆ ಹತ್ತಿರದವನು ನೇರ ಹೋಗಿಬಿಡುತ್ತಾನೆ, ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಗಾಡಿಯಲ್ಲಾದರೆ ನಡುವೆ ಒಂದೆರಡು ವಾಹನ ಬಿಡುತ್ತೇನೆ. ಕಾರಣವೇ ಇಲ್ಲದೆ ಅದೇ ಬೀದಿಯನ್ನು ಸುತ್ತು ಹಾಕುತ್ತಿದ್ದರೆ ಅವರಿಗೆ ಅನುಮಾನ ಬಂದಿದೆ ಅಂತಲೇ ಲೆಕ್ಕ. ಆವತ್ತಿಗೆ ಕೈಬಿಡುತ್ತೇನೆ. ತಪ್ಪಿಸಿಕೊಂಡವರು ನಾಳೆ ಸಿಗುತ್ತಾರೆ. ನಮ್ಮ ಗುರುತು ಹಿಡಿದವರು ಸಿಗುವುದಿಲ್ಲ.

ಬೆನ್ನು ಬಗ್ಗಿಸಲು ಆಗುವುದಿಲ್ಲ ಎಂದು ವಿಮೆ ಹಣ ಕೇಳಿದ್ದವರೊಬ್ಬರು ಮೂಟೆ ಎತ್ತಿ ಗಾಡಿಗೆ ಹಾಕಿದ್ದನ್ನು ಚಿತ್ರೀಕರಿಸಿದ್ದೆ. ಎತ್ತಿದ ಮೇಲೆ ಅವರು ಸೊಂಟ ಹಿಡಿದು ನಿಂತರು. ಆ ಭಾಗವನ್ನೂ ಕತ್ತರಿಸದೆ ಕೊಟ್ಟೆ. ವರದಿಯಲ್ಲಿ ಬರೆದದ್ದು ಇಷ್ಟೇ: ಇಂಥ ಹೊತ್ತಿಗೆ, ಎರಡೂ ಕೈಯಿಂದ ಮೂಟೆ ಎತ್ತಿದರು, ನಂತರ ಸೊಂಟ ಹಿಡಿದರು. ಬೆನ್ನು ಸರಿಯಿದೆಯೋ ಇಲ್ಲವೋ ಹೇಳಬೇಕಾದವರು ಡಾಕ್ಟರು. ನಾನು ‘ನಾಟಕ’ ಅಂತ ಬರೆದರೆ ಎದುರು ವಕೀಲರು ಅದೊಂದೇ ಪದ ಹಿಡಿದು ಇಡೀ ವರದಿಯನ್ನು ಉರುಳಿಸುತ್ತಾರೆ.

ಫೋನ್ ಕದ್ದು ಕೇಳಿ, ಕಾರಿಗೆ ಗುಟ್ಟಾಗಿ ಜಿಪಿಎಸ್ ಅಂಟಿಸಿ, ಮಲಗುವ ಕೋಣೆಯ ಕಿಟಕಿಗೆ ಕ್ಯಾಮೆರಾ ಹಿಡಿಯಿರಿ ಅನ್ನುವವರೂ ಬರುತ್ತಾರೆ. ಅಂಥ ಕೆಲಸ ಒಪ್ಪುವುದಿಲ್ಲ. ಇನ್ನು, ಬಿಟ್ಟು ಹೋದ ಹೆಂಡತಿಯ ವಿಳಾಸ ಬೇಕು ಅಂತ ಯಾರಾದರೂ ಬಂದರೆ, ಯಾಕೆ ಬೇಕು ಅನ್ನುವುದು ತಿಳಿಯುವವರೆಗೆ ಮುಂಗಡ ಮುಟ್ಟುವುದಿಲ್ಲ.