ಮಂಗಳಯಾನದ ಮೊದಲ ಚಿತ್ರಗಳನ್ನು ಓದುವ ಬಗೆ

ಚಿತ್ರವನ್ನು ತೆರೆದ ಕೂಡಲೇ ಕುಳಿ, ಬೆಟ್ಟಗಳನ್ನು ಹುಡುಕಲು ಹೋಗದೆ, ಅದನ್ನು ಎಷ್ಟು ಎತ್ತರದಿಂದ ತೆಗೆಯಲಾಗಿದೆ ಎಂಬುದನ್ನು ಮೊದಲು ಗಮನಿಸಿ. ಇಸ್ರೋದ ನೌಕೆ 2014ರ ಸೆಪ್ಟೆಂಬರ್ 24ರಂದು ಸೇರಿದ ಕಕ್ಷೆ ಬಹಳ ಉದ್ದನೆಯದು; ಮಂಗಳನ ನೆಲಕ್ಕೆ ಸುಮಾರು 422 ಕಿ.ಮೀ.ವರೆಗೆ ಇಳಿದು, ಮತ್ತೆ ಸುಮಾರು 77,000 ಕಿ.ಮೀ. ದೂರಕ್ಕೆ ಏರುತ್ತಿತ್ತು. ಆದ್ದರಿಂದ ಒಂದೇ ಕ್ಯಾಮೆರಾದ ಎರಡು ಚಿತ್ರಗಳನ್ನು ಒಂದೇ ಅಳತೆಗೋಲಿನಿಂದ ನೋಡಲಾಗದು.

ಮರುದಿನ ಬಿಡುಗಡೆಯಾದ ಚಿತ್ರವನ್ನೇ ತೆಗೆದುಕೊಳ್ಳಿ. ಅದನ್ನು 7,300 ಕಿ.ಮೀ. ಎತ್ತರದಿಂದ ತೆಗೆಯಲಾಗಿತ್ತು, ಒಂದು ಪಿಕ್ಸೆಲ್ ನೆಲದ ಮೇಲಿನ 376 ಮೀಟರಿಗೆ ಸಮನಾಗಿತ್ತು. ಕ್ಯಾಮೆರಾದ ಸಂವೇದಕದಲ್ಲಿ ಒಂದು ಸಾಲಿಗೆ 2,048 ಪಿಕ್ಸೆಲ್‌ಗಳಿದ್ದುದರಿಂದ ಇಡೀ ಚೌಕಟ್ಟಿಗೆ ಸುಮಾರು 770 ಕಿ.ಮೀ. ಅಗಲದ ನೆಲ ಮಾತ್ರ ಹಿಡಿಯುತ್ತದೆ. ಎತ್ತರ ಹೆಚ್ಚಿದಂತೆ ಪಿಕ್ಸೆಲಿನ ಅಳತೆಯೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ. ಸೆಪ್ಟೆಂಬರ್ 28ರಂದು 74,500 ಕಿ.ಮೀ. ದೂರದಿಂದ ತೆಗೆದ ಚಿತ್ರದಲ್ಲಿ ಅದು ಸುಮಾರು 3.8 ಕಿ.ಮೀ. ಆಯಿತು; ಸುಮಾರು 6,780 ಕಿ.ಮೀ. ವ್ಯಾಸದ ಗ್ರಹ ಪೂರ್ಣವಾಗಿ ಒಂದೇ ಚೌಕಟ್ಟಿನೊಳಗೆ ಕುಳಿತದ್ದು ಹಾಗೆ. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿದವರಿಗೆ ಚಿತ್ರ ಬೇರೆಯೇ ಆಗಿ ಕಾಣುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಅನಂತರ ಬೆಳಕಿನ ದಿಕ್ಕನ್ನು ಗುರುತಿಸಿ. ಕುಳಿಯಾದರೆ ಸೂರ್ಯನ ಕಡೆಯ ಅಂಚಿನ ಒಳಗೋಡೆ ಕತ್ತಲಾಗಿ, ಎದುರಿನ ಗೋಡೆ ಬೆಳಗುತ್ತದೆ. ದಿಬ್ಬದಲ್ಲಿ ಇದು ತಿರುಗುಮುರುಗು. ಕುಳಿಗಳೆಲ್ಲ ಉಬ್ಬುಗಳಂತೆ ತೋರಿದರೆ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ, ಕಣ್ಣಿನ ಭ್ರಮೆ ಹೆಚ್ಚಾಗಿ ಅಲ್ಲಿಗೆ ತಿಳಿಯಾಗುತ್ತದೆ.

ಬಣ್ಣದ ವಿಷಯದಲ್ಲಿ ಅವಸರ ಬೇಡ. ಇಂಥ ಸಂವೇದಕದ ಪ್ರತಿಯೊಂದು ಪಿಕ್ಸೆಲ್ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನಷ್ಟೇ ದಾಖಲಿಸುತ್ತದೆ, ಉಳಿದೆರಡನ್ನು ನೆರೆಯ ಪಿಕ್ಸೆಲ್‌ಗಳಿಂದ ಲೆಕ್ಕ ಹಾಕಿ ತುಂಬಬೇಕಾಗುತ್ತದೆ.

ಮಸುಕಾದ ಭಾಗವನ್ನು ಕ್ಯಾಮೆರಾದ ದೋಷವೆಂದು ತಳ್ಳಿಹಾಕಬೇಡಿ. ಸೆಪ್ಟೆಂಬರ್ 28ರ ಚಿತ್ರದಲ್ಲಿ ಉತ್ತರಾರ್ಧಗೋಳದ ಮಸುಕು ನಿಜವಾದ ಧೂಳಿನ ಬಿರುಗಾಳಿ. 1971ರ ನವೆಂಬರಿನಲ್ಲಿ ಅಮೆರಿಕದ ಮ್ಯಾರಿನರ್ 9 ಮಂಗಳನನ್ನು ತಲುಪಿದಾಗ ಇಡೀ ಗ್ರಹವೇ ಧೂಳಿನಲ್ಲಿ ಮುಳುಗಿತ್ತು. ಆರಂಭದ ಚಿತ್ರಗಳಲ್ಲಿ ಕೆಲವು ಕಪ್ಪು ಚುಕ್ಕೆಗಳ ಹೊರತು ಹೆಚ್ಚೇನೂ ಕಾಣಲಿಲ್ಲ, ಧೂಳು ಇಳಿದ ಮೇಲೆ ಅವು ಮಹಾ ಜ್ವಾಲಾಮುಖಿಗಳ ತುದಿಗಳೆಂದು ತಿಳಿಯಿತು. ಹೀಗಾಗಿ ಮೊದಲ ಚಿತ್ರದಲ್ಲಿ ಅರ್ಥವಾಗದ ಗುರುತು ಸಿಕ್ಕರೆ ಅದರ ಸ್ಥಾನವನ್ನು ಬರೆದಿಟ್ಟುಕೊಂಡು, ಅದೇ ಪ್ರದೇಶದ ನಂತರದ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿ. ಮಂಗಳಯಾನದ ಮೊದಲ ವರ್ಷದ ದತ್ತಾಂಶವನ್ನು ಇಸ್ರೋ 2016ರಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟಿತು. ಅದನ್ನು ಕಾಪಿಡುವ ಕೇಂದ್ರ ಇರುವುದು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿಯೇ.