ಒರೆಯೊಳಗೇ ತುಕ್ಕು ಹಿಡಿದ ಪೀಚೆಕತ್ತಿ

ಮಡಿಕೇರಿ ಮಳೆ ಗೊತ್ತಲ್ವಾ, ಬೀರುವಿನ ಬಟ್ಟೆಗೂ ಬೂಷ್ಟು ಬರುತ್ತದೆ. ಕಳೆದ ವರ್ಷ ಕೊಡವರ ಆಯುಧ ಪೂಜೆಯಾದ ಕೈಲ್ ಪೊಳ್ದ್ ಹಬ್ಬಕ್ಕೆಂದು ಅಜ್ಜನ ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸುವ ಗಿಡ್ಡ ಕತ್ತಿ) ತೆಗೆದರೆ ಅಲಗಿನ ತುಂಬ ಕಂದು ಚುಕ್ಕೆ! ತಪ್ಪು ನನ್ನದೇ. ಹಿಂದಿನ ಪೂಜೆಯ ಗಂಧ, ಕುಂಕುಮ ಒರೆಸದೆ ಹಾಗೇ ಒರೆಗೆ ಸೇರಿಸಿದ್ದೆ. ಮರದ ಒರೆ ತೇವ ಹೀರಿಕೊಂಡು ಕೂತಿತ್ತು. ಸವರಿದ್ದ ಕೊಬ್ಬರಿ ಎಣ್ಣೆಯೂ ಅಂಟಂಟಾಗಿತ್ತು.

ಸೀಮೆಎಣ್ಣೆ ಹಚ್ಚಿ, 0000 ನಂಬರಿನ, ಅಂದರೆ ಅತಿ ನವಿರಾದ ಸ್ಟೀಲ್ ವುಲ್‌ನಿಂದ (ಉಕ್ಕಿನ ನಾರು) ಅಲಗಿನ ಉದ್ದಕ್ಕೆ ಮೆಲ್ಲಗೆ ಉಜ್ಜಿದೆ. ತುಕ್ಕು ಬಿಟ್ಟಿತು, ಎರಡು ಸಣ್ಣ ಗುಳಿ ಉಳಿದವು. ಇರಲಿ. ಸ್ಯಾಂಡ್‌ಪೇಪರ್ ಹಾಕಿದ್ದರೆ ಹಳೆಯ ಕಬ್ಬಿಣದ ಆ ಕಪ್ಪು ಹೊಳಪೇ ಹೋಗುತ್ತಿತ್ತು.

ಆಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿದೆ. ಬರಿಗೈಯಲ್ಲಿ ಮುಟ್ಟಲಿಲ್ಲ, ಬೆವರಿನ ಉಪ್ಪೂ ತುಕ್ಕು ತರಿಸುತ್ತದೆ. ಈಗ ಕತ್ತಿ ಬೇರೆ, ಒರೆ ಬೇರೆ. ಕತ್ತಿ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಜೊತೆಗೆ ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಗೆ ತಿರುಗಿದರೆ ಹರಳನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಇಡುತ್ತೇನೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡುತ್ತೇನೆ. ಈ ಸೆಪ್ಟೆಂಬರ್ 3ರ ಹಬ್ಬಕ್ಕೆ ತೆಗೆದಾಗ ಒಂದು ಚುಕ್ಕೆಯೂ ಇರಲಿಲ್ಲ. ಕುಂಕುಮ ಮಾತ್ರ ಹಿಡಿಗಷ್ಟೇ ಇಟ್ಟೆ. ಅಜ್ಜಿ ಸ್ವಲ್ಪ ಗೊಣಗಿದರು.